ಹೆಸರಿಡದ ಆಯಿ

ಸ್ವಲ್ಪ ನಿಧಾನವಾಗಿ ಓದಿ... ಕಂಡವರ ಮೇಲೆಲ್ಲ ಡೌಟ್ ಪಡುವ ನನ್ನಂಥವರಿಗೆ ಇದು ಬೇಕು.

ಹುಬ್ಬಳ್ಳಿಯ ಸಂಗನಬಸಪ್ಪ ಎರಡು ವರ್ಷ ಒದ್ದಾಡಿ ಹೊಸ ಶೇಂಗಾ ಚಟ್ನಿಪುಡಿ ತಯಾರಿಸಿದ. ಹದಿನೇಳು ಸಲ ರುಚಿ ತಿದ್ದಿದ... ಗಾಳಿಯಾಡದ ಡಬ್ಬಿ ಮಾಡಿಸಿದ... ಮಾರ್ಕೆಟ್ಟಿಗೆ ಬಿಡಲು ಎಂಟೇ ದಿನ ಬಾಕಿ!

ಅದಕ್ಕೂ ಮೊದಲು ಓಣಿಯ ಹತ್ತು ಮನೆಗೆ ಸ್ಯಾಂಪಲ್ ಕೊಟ್ಟ. ಜೊತೆಗೊಂದು ಚೀಟಿ: "ನಮ್ಮ ಹೊಸ ಚಟ್ನಿಪುಡಿಗೆ ಹೆಸರಿಡಿ."

ಒಂಬತ್ತು ಮನೆಯವರು ಚೆಂದದ ಹೆಸರು ಬರೆದುಕೊಟ್ಟರು. ಮೂಲೆಮನೆಯ ಮುದುಕಿ, ನೀಲಗಂಗವ್ವ ಆಯಿಯ ಚೀಟಿ ಮಾತ್ರ ಖಾಲಿ.

"ಯಾಕ ಆಯಿ, ರುಚಿ ಹಿಡಸಲಿಲ್ಲೇನು?"

"ಭಾಳ ಛಲೋ ಐತಪಾ. ಆದ್ರ ನಾ ಹೆಸರಿಡಾಂಗಿಲ್ಲ."

ಇದೆಂಥ ಉತ್ತರ? ಅವನಿಗೆ ಅಲ್ಲೇ ಡೌಟ್ ಶುರುವಾಯಿತು...

ಮರುದಿನ ಊಟದ ಹೊತ್ತಿಗೆ ಆಯಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅತ್ತಿತ್ತ ನೋಡುತ್ತ ಪಕ್ಕದ ರೇಣವ್ವನ ಮನೆಗೆ ಹೋದಳು. ರೇಣವ್ವ ಇನ್ನೊಂದು ಚಟ್ನಿ ಕಂಪನಿಯಲ್ಲಿ ಪ್ಯಾಕಿಂಗ್ ಮಾಡುವವಳು!

ಅದರ ಮರುದಿನವೂ ಅದೇ...

"ಅಯ್ಯೋ ಶಿವನೇ! ನನ್ನ ಪುಡಿ ಗುಟ್ಟು ಹೊರಗ ಹೊಂಟೈತಿ!"

ಹೆಂಡತಿ ಎಂದಳು, "ಆಯಿ ಅಂಥಾಕಿ ಅಲ್ರೀ..."

"ನಿನಗೇನ ಗೊತ್ತು, ಸುಮ್ನಿರು!"

ಗುಟ್ಟು ಹೋದರೆ ಎರಡು ವರ್ಷದ ದುಡಿಮೆ ಮಣ್ಣುಪಾಲು. ಮೂರನೇ ದಿನ ಬೆನ್ನು ಹತ್ತಿದ. ಫೋನಿನ ವಿಡಿಯೊ ಆನ್ ಮಾಡಿ ರೇಣವ್ವನ ಬಾಗಿಲ ಮರೆಯಲ್ಲಿ ನಿಂತ.

ಒಳಗಿಂದ ರೇಣವ್ವನ ದನಿ... "ಕೊಡು ಆಯಿ, ಇವತ್ತೂ ಮುಚ್ಚಳ ತಗೀಲೇನು?"

ರೇಣವ್ವ ಮುಚ್ಚಳ ತಿರುವಿದಳು. ಆಯಿ ಜೊತೆಗೆ ತಂದಿದ್ದ ರೊಟ್ಟಿಯ ಮೇಲೆ ಎರಡು ಚಮಚ ಪುಡಿ ಹಾಕಿ, ಬಿಗಿಯಾಗಿ ಮುಚ್ಚಿ ವಾಪಸ್ ಕೊಟ್ಟಳು. ಅಷ್ಟೇ!

ಡಬ್ಬಿ ಹಿಡಿದ ಆಯಿಯ ಕೈ ಅವನಿಗೆ ಆಗ ಕಂಡಿತು... ಖಾನಾವಳಿಯಲ್ಲಿ ನಲವತ್ತು ವರ್ಷ ರೊಟ್ಟಿ ಬಡಿದು ಬೆರಳೆಲ್ಲ ಸೊಟ್ಟಗಾಗಿದ್ದವು.

ಅವನು ಒಳಗೆ ಬಂದ. "ಆಯಿ... ಮುಚ್ಚಳ ತಗಿಯಾಕ ಬರಂಗಿಲ್ಲಂತ ನನಗ್ಯಾಕ ಹೇಳಲಿಲ್ಲ?"

"ನೀನ ಹೆಸರಿಡ್ರಿ ಅಂತ ಚೀಟಿ ಕೊಟ್ಟಿದ್ಯಲ್ಲೋ ತಮ್ಮಾ! ಉಣ್ಣೋ ಅನ್ನಕ್ಕ ಯಾರರ ಹೆಸರಿಡ್ತಾರೇನು? ಪಾಪ, ಅಷ್ಟು ಆಸೀಲೆ ಮಾಡೀದಿ... ನೀ ನೋಡಿ ನೊಂದ್ಕೋಬಾರದಂತ ಸೆರಗಿನ್ಯಾಗ ಮುಚಗೊಂಡ ಬರತಿದ್ದೆ."

ಹೌದಲ್ಲ... ನಮ್ಮ ಕಡೆ ಹೆಸರಿಡುವುದು ಅಂದರೆ ತಪ್ಪು ಹುಡುಕುವುದು ಅಂತಲೂ ಅರ್ಥ! ಅವನು ಕೇಳಿದ್ದೇ ಒಂದು, ಆಯಿ ತಿಳಿದದ್ದೇ ಇನ್ನೊಂದು.

ಸಂಗನಬಸಪ್ಪ ಹೊಸ್ತಿಲ ಬಳಿಯೇ ಕೂತು ಅತ್ತುಬಿಟ್ಟ. ನಾಚಿಕೆಯಿಂದ ವಿಡಿಯೊ ಡಿಲೀಟ್ ಮಾಡಿದ.

ಬಿಡುಗಡೆ ಒಂದು ತಿಂಗಳು ಮುಂದೆ ಹೋಯಿತು. ಹೆಬ್ಬೆರಳು ತಾಗಿಸಿದರೆ ತೆರೆಯುವ ಮುಚ್ಚಳ ಬಂತು. ಮೊದಲ ಡಬ್ಬಿ ಆಯಿಯ ಕೈಗೆ. ಆಕೆ ತಾನೇ ತೆಗೆದು, ಬೊಚ್ಚುಬಾಯಿ ತುಂಬ ನಕ್ಕಳು.

"ಈಗ ಹೆಸರಿಡಾಕ ಏನೂ ಉಳದಿಲ್ಲ ನೋಡಪಾ!"

ಒಂಬತ್ತು ಚೀಟಿಯ ಹೆಸರುಗಳನ್ನೂ ಅವನು ಬದಿಗಿಟ್ಟ. ಇಂದು ಅಂಗಡಿಯಲ್ಲಿ ಆ ಡಬ್ಬಿಯ ಮೇಲೆ ಇರುವ ಹೆಸರು... "ಹೆಸರಿಡಬ್ಯಾಡ್ರಿ ಚಟ್ನಿಪುಡಿ"!

*ಸೆರಗಿನಲ್ಲಿ ಮುಚ್ಚಿಟ್ಟದ್ದೆಲ್ಲ ಕಳವಲ್ಲ... ಕೆಲವೊಮ್ಮೆ ಅದು ನಮ್ಮದೇ ಮಾನ.*

ಇವತ್ತು ನೀವು ಯಾರ ಬೆನ್ನು ಹತ್ತಿದ್ದೀರೋ... ಅವರನ್ನು ಒಮ್ಮೆಯಾದರೂ ಎದುರು ಕೂತು ಕೇಳಿದ್ದೀರಾ?