ಆರಕ್ಕೆ ಆರು

"ಮದುವೆಯಾಗಿದೆ ಎಂದು ಬರೆದಿದ್ದೀರಿ," ಎಂದ ಅಧಿಕಾರಿ, ಅರ್ಜಿಯ ಮೇಲೆ ಬೆರಳಿಟ್ಟು. "ಈಗಲೂ ಹಾಗೇ ತಾನೆ?"

ಡಾಲಸ್ ಪಕ್ಕದ ಪೌರತ್ವ ಕಚೇರಿಯ ಪುಟ್ಟ ಕೋಣೆಯಲ್ಲಿ ಜಯದೇವಿ ಸೆರಗು ಹೊದ್ದು ಕೂತಿದ್ದಳು. "ಇಲ್ಲ ಸರ್. ಮಾರ್ಚ್‌ನಲ್ಲಿ ಹೋಗಿಬಿಟ್ಟರು. ಹಾರ್ಟ್ ಅಟ್ಯಾಕ್." ಬಾಯಿಪಾಠ ಮಾಡಿಕೊಂಡು ಬಂದ ಇಂಗ್ಲಿಷಿನಲ್ಲಿ ಈ ಮಾತು ಇರಲಿಲ್ಲ. ಆದರೂ ತಡವರಿಸದೆ ಬಂತು.

"ಕ್ಷಮಿಸಿ," ಎಂದು ಅಧಿಕಾರಿ ಕೆಂಪು ಪೆನ್ನಿನಲ್ಲಿ ಒಂದು ಪದ ಹೊಡೆದು ಇನ್ನೊಂದು ಬರೆದ.

2014ರಲ್ಲಿ ಅರ್ಜಿ ಹಾಕಿದ್ದು ಗಂಡ ಹೆಂಡತಿ ಇಬ್ಬರೂ. ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಇದ್ದವರೂ ಅವರಿಬ್ಬರೇ. ಅವಳು ರೊಟ್ಟಿ ಬಡಿಯುವಾಗ ಸಂಗಮೇಶ್ ಎದುರಿಗೆ ಕುರ್ಚಿ ಎಳೆದುಕೊಂಡು, ಸಾಹೇಬನ ಗತ್ತಿನಲ್ಲಿ ಅಮೆರಿಕದ ಪೌರತ್ವ ಪರೀಕ್ಷೆಯ ನೂರು ಪ್ರಶ್ನೆಗಳನ್ನೂ ಕೇಳುತ್ತಿದ್ದ. "ಹೇಳ್ರಿ ಜಯದೇವಿಯವರ, ಸಂವಿಧಾನ ಬರದದ್ದು ಯಾವಾಗರಿ?" ಅವಳು ಬೇಸರಪಟ್ಟರೆ ನಗು. "ಸುದ್ದಿ ಹೊರಗ ಹೋಗಬಾರದಂತ ಕಿಟಕಿ ಮುಚ್ಚಿಕೊಂಡು, ನಾಕು ತಿಂಗಳು ಸೆಕಿಯೊಳಗ ಕುಂತು ಬರದಾರ ಅವರು. ನಿನಗ ಎಸಿಯೊಳಗ ಕುಂತು ಓದಾಕ ಏನ್ ಧಾಡಿ?"

ಅವನು ಹೋದ ಮೇಲೆ ಅವಳೇ ಕೇಳಿಕೊಂಡಳು, ಅವಳೇ ಉತ್ತರ ಹೇಳಿಕೊಂಡಳು. ರೊಟ್ಟಿ ಬಡಿಯುವುದು ನಿಂತಿತ್ತು. ಒಬ್ಬಳಿಗೆ ಬ್ರೆಡ್ಡೇ ಸಾಕಾಗುತ್ತಿತ್ತು.

"ಸಂವಿಧಾನ ಬರೆದದ್ದು ಯಾವಾಗ?" ಅಧಿಕಾರಿ ಶುರು ಮಾಡಿದ.

"ಹದಿನೇಳುನೂರ ಎಂಬತ್ತೇಳು."

"ಮೊದಲಿದ್ದ ಹದಿಮೂರು ರಾಜ್ಯಗಳಲ್ಲಿ ಮೂರನ್ನು ಹೇಳಿ."

ಅವಳು ಹದಿಮೂರನ್ನೂ ಹೇಳಿದಳು. ಆತ ಹುಬ್ಬೇರಿಸಿ ನಕ್ಕ. ಸ್ವಾತಂತ್ರ್ಯದ ಘೋಷಣೆ ಬರೆದವರು, ಮೊದಲ ಅಧ್ಯಕ್ಷರು, ಮೊದಲ ಹತ್ತು ತಿದ್ದುಪಡಿಗಳಿಗೆ ಏನನ್ನುತ್ತಾರೆ, ಸೆನೆಟಿನಲ್ಲಿ ಎಷ್ಟು ಜನ? ಒಂದೂ ತಪ್ಪಲಿಲ್ಲ.

"ಆರಕ್ಕೆ ಆರು! ಪಾಸಾದಿರಿ ಮೇಡಂ." ಆತ ಹಾಳೆಯನ್ನು ಬದಿಗೆ ಸರಿಸಿದ.

ಜಯದೇವಿ ಏಳಲಿಲ್ಲ. "ನನಗೆ ಇನ್ನೂ ತೊಂಬತ್ತನಾಲ್ಕು ಬರುತ್ತವೆ, ಸರ್."

"ಬೇಕಿಲ್ಲ. ಆರು ಸರಿಯಾದರೆ ಮುಗಿಯಿತು. ನಿಯಮವೇ ಹಾಗೆ."

"ನಿಮಗೆ ಬೇಕಿಲ್ಲ, ಗೊತ್ತು." ಅವಳು ಮೇಜಿನ ಅಂಚು ಹಿಡಿದಳು. "ಮನೆಯಲ್ಲಿ ಕೇಳುವವರಿಲ್ಲ."

ಆತ ಗಡಿಯಾರ ನೋಡಿದ. ಬಾಗಿಲಾಚೆ ಮುಂದಿನ ಸರದಿಯವರು ಕಾಯುತ್ತಿದ್ದರು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟ. ಹಾಳೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡು, ಏಳನೆಯದನ್ನು ಕೇಳಿದ.