ಮಂಡಿ ಯಾರದ್ದಾದರೇನು

“ನೋಡೇ ಇಲ್ಲಿ, ನಿನ್ನ ಬೈಬಲ್‌ನಲ್ಲಿ ಇನ್ನೊಂದು ತಪ್ಪು ಸಿಕ್ತು!” ಎಂದು ತಪ್ಪು ತಾತ ಕೆಂಪು ಪೆನ್ನು ಕಿವಿಗೆ ಸಿಕ್ಕಿಸಿಕೊಂಡೇ ಕೋಣೆಗೆ ನುಗ್ಗಿದರು. ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದ ಆಸಾಮಿ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕಾಗುಣಿತ ನೋಡುವವರು. ಬೀದಿಯ ಮಕ್ಕಳು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಂಡಿ ಆಪರೇಷನ್ ಆದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ ಹೆಂಡತಿ ತಲೆಯೆತ್ತಲಿಲ್ಲ. ಇನ್ನು ಜನ್ಮದಲ್ಲಿ ಮಂಡಿಯೂರಬೇಡಿ ಎಂದು ಡಾಕ್ಟರು ಹೇಳಿ ಮೂರು ವಾರವಾಗಿತ್ತು. ಅವತ್ತಿನಿಂದ ಆಕೆ ಪ್ರಾರ್ಥನೆಯನ್ನೇ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಮಂಚದ ಪಕ್ಕದಿಂದ ಕೇಳಿಬರುತ್ತಿದ್ದ ಆ ಗುಣುಗುಣು ಇಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ಅದರಲ್ಲಿ ಅರ್ಧಕ್ಕರ್ಧ ಗಂಡನ ಮೇಲಿನ ದೂರೇ ಇರುತ್ತಿತ್ತೆನ್ನಿ. ಆದರೂ ತಾತನಿಗೆ ಅದಿಲ್ಲದೆ ತಡೆಯಲಾಗುತ್ತಿರಲಿಲ್ಲ.

“ಒಂದು ಕಡೆ, ಬನ್ನಿ ಮಂಡಿಯೂರೋಣ ಅಂತ ಹಾಡ್ತಾರೆ. ಇನ್ನೊಂದು ಕಡೆ, ನಿಂತು ಪ್ರಾರ್ಥನೆ ಮಾಡುವಾಗ ಅಂತ ಬರುತ್ತೆ. ಇಲ್ಲೊಬ್ಬ ಅರಸ ದೇವರ ಮುಂದೆ ಆರಾಮಾಗಿ ಕೂತುಬಿಟ್ಟಿದಾನೆ. ಅವನ ಮಗನ ಕತೆ ಕೇಳು, ಅಧ್ಯಾಯದ ಶುರುವಿನಲ್ಲಿ ನಿಂತಿದಾನೆ, ಕೊನೆಯಲ್ಲಿ ಮಂಡಿಯೂರಿದ್ದವನು ಏಳ್ತಾನೆ. ಊರಿದ್ದು ಯಾವಾಗ? ಮಧ್ಯೆ ಒಂದು ಸಾಲು ಬಿಟ್ಟುಹೋಗಿದೆ. ನಮ್ಮ ಪ್ರೆಸ್ಸಲ್ಲಾಗಿದ್ರೆ ಕೆಲಸದಿಂದ ತೆಗೀತಿದ್ರು!”

“ಆ ಸಾಲು ಬೈಬಲ್‌ನಲ್ಲೇ ಮುಂದೆ ಇನ್ನೊಂದು ಪುಸ್ತಕದಲ್ಲಿದೆ. ಪೂರ್ತಿ ಓದ್ದೆ ಕೆಂಪು ಗೀಚ್ಬೇಡಿ,” ಎಂದರು ಆಕೆ.

ಅಬ್ಬಾ, ಬಾಯಿ ಬಿಟ್ಟಳಲ್ಲ! ತಾತನಿಗೆ ಹುಮ್ಮಸ್ಸು ಬಂತು. “ಸರಿ ಬಿಡು, ಒಪ್ಪಿದೆ. ಆದ್ರೆ ಇನ್ನೊಬ್ಬ ಅರಸ ಕಾಯಿಲೆ ಬಿದ್ದು, ಗೋಡೆ ಕಡೆ ಮುಖ ಮಾಡಿ ಬೇಡ್ಕೊಂಡ. ಅವನಿಗೂ ಕಿವಿಗೊಟ್ಟನಲ್ಲ ನಿನ್ನ ದೇವರು? ನೀನು ಕುರ್ಚಿಯಲ್ಲಿ ಕೂತರೆ ಏನಂತೆ?”

ಆಕೆಗೆ ಗೊತ್ತಾಯಿತು. ಈ ಮನುಷ್ಯ ಮೂರು ವಾರದಿಂದ ತಪ್ಪು ಹುಡುಕುತ್ತಿದ್ದುದು ತನಗಾಗಿಯೇ. ಕಣ್ಣು ತುಂಬಿತು. ಮಾತು ಮಾತ್ರ ಬಿಗಿಯಾಗಿಯೇ ಬಂತು.

“ಅವರೆಲ್ಲ ಅರಸರು, ನಡೆಯುತ್ತೆ. ನಾನು ಹೀಗೆ ಕಾಲು ಚಾಚ್ಕೊಂಡು ಮಾತಾಡಿದ್ರೆ ಅದು ಪ್ರಾರ್ಥನೆ ಅಲ್ಲಾರೀ, ಹರಟೆ. ಐವತ್ತು ವರ್ಷದ ಅಭ್ಯಾಸ. ಮಂಡಿ ನೆಲಕ್ಕೆ ತಾಗ್ದೆ ನನ್ನ ಬಾಯಿ ತೆರೆಯಲ್ಲ.”

ತಾತನ ಪಟ್ಟಿ ಅಲ್ಲಿಗೆ ಮುಗಿಯಿತು. “ನಿನ್ನ ಹಟಕ್ಕೆ ನನ್ನಲ್ಲಿ ತಿದ್ದುಪಡಿ ಇಲ್ಲ ಮಾರಾಯ್ತಿ,” ಎಂದು ಪೆನ್ನು ಜೇಬಿಗೆ ತುರುಕಿದರು. ಡಾಕ್ಟರು ಬರೆದುಕೊಟ್ಟ ಬಿಗಿ ಕಾಲುಚೀಲ ಹಾಕುವ ಹೊತ್ತಾಗಿತ್ತು. ಗೊಣಗುತ್ತಲೇ ಕುರ್ಚಿಯ ಮುಂದೆ ಎರಡೂ ಮಂಡಿಯೂರಿ ಕೂತರು. ಹಿಮ್ಮಡಿ ದಾಟಿಸಿ, ಮೇಲಕ್ಕೆಳೆದು, ಸುಕ್ಕು ಸರಿಮಾಡಿ, ಇನ್ನೇನು ಏಳಬೇಕು, ಆಕೆಯ ಅಂಗೈ ಅವರ ಬೋಳುತಲೆಯ ಮೇಲೆ ಬಂದು ಕೂತಿತು.

“ಅಲ್ಲಾಡ್ಬೇಡಿ, ಹಾಗೇ ಇರಿ.”

“ಯಾಕೇ? ನನ್ನ ಕಾಲು ಜೋಮು ಹಿಡಿಯುತ್ತೆ!”

“ಹಿಡೀಲಿ. ಮಂಡಿ ನಿಮ್ಮದು, ಮಾತು ನನ್ನದು,” ಎಂದು ಆಕೆ ಕಣ್ಣು ಮುಚ್ಚಿದರು. “ದೇವರೇ, ಮೊದಲು ಇವರ ಬಾಯಿಗೊಂದು ಬೀಗ ಹಾಕಪ್ಪಾ...”