ಹೊಕ್ಕುಳಲ್ಲೇ ನಿಂತ ಸರ್ಪಸುತ್ತು

“ಲೇ ಚಲುವ, ನಿನ್ ಹಾಲು ಬ್ಯಾಡ. ಹಾವು ಹೊಡ್ದ ಪಾಪ ಸೊಂಟ ಸುತ್ಕಂಡದೆ. ತಲೆ ಬಾಲ ಕೂಡಿದ್ ದಿನ ನೀ ಇರಾಕಿಲ್ಲ ಕಣ್ಲಾ,” ಎಂದ ಡೇರಿಯ ತಿಮ್ಮರಾಜು. ಹಾಲು ತಂದವರೆಲ್ಲ ನಕ್ಕರು.

ಚಲುವರಾಜು ಅಂಗಿ ಬಿಚ್ಚಿ ನಿಂತ. ಬೆನ್ನಿನಿಂದ ಹೊರಟ ಗುಳ್ಳೆಗಳ ಸಾಲು ಹೊಕ್ಕುಳ ದಾಟದೆ ಒಣಗಿ, ಹಕ್ಕಳೆ ಉದುರುತ್ತಿತ್ತು. ಚಿಕ್ಕಂದಿನ ಸೀತಾಳೆ ಸಿಡುಬೇ ನರದಲ್ಲಿ ಅವಿತಿದ್ದು ಈಗ ಎದ್ದಿದೆ, ಒಂದೇ ಪಕ್ಕ ಹರಿಯುತ್ತೆ, ಸುತ್ತು ಕೂಡೋದಿಲ್ಲ, ನಿನ್ನ ಮೈಯೇ ಅದನ್ನು ಹೊಡೆದು ಕೂರಿಸುತ್ತೆ ಎಂದಿದ್ದರು ಡಾಕ್ಟರು. ಕೂರಿಸಿತ್ತು.

ಊರಿಗೆಲ್ಲ ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವ ಪುಟ್ಟತಾಯಮ್ಮ ಹಾಲು ತಂದವರ ನಡುವಿನಿಂದ ಬಂದು ಬಗ್ಗಿ ನೋಡಿದಳು. “ಎಲ್ಲಾ ಒಣಗೋಗದೆ. ಹಾಲು ಅಳ್ದ್ಕೊಳ್ಳಾ ತಿಮ್ಮ.”

ತಿಮ್ಮರಾಜು ತಲೆ ತಗ್ಗಿಸಿ ಅಳೆದುಕೊಂಡ. “ಯಾರತ್ರ ಮಂತ್ರ ಹಾಕುಸ್ದೆಲಾ?”

ಚಲುವರಾಜು ಅಂಗಿಯನ್ನು ಹೆಗಲಿಗೆಸೆದು, ಖಾಲಿ ಕ್ಯಾನು ಆಡಿಸುತ್ತ ಬರಿಮೈಯಲ್ಲೇ ನಡೆದ.